ತಡವಾಗಿ ಬಂದ ಪೌರತ್ವ, ಸರದಿಯಲ್ಲೇ ಉಳಿದ ಮಕ್ಕಳು

ಪ್ರಶ್ನೆ: ನಾನು ಸರಕು ಹಡಗಿನಲ್ಲಿ ಕೆಲಸ ಮಾಡುತ್ತೇನೆ. ಜೊತೆಗಿರುವ ಫಿಲಿಪೀನ್ಸ್‌ನ ಗೆಳೆಯನ ಅಜ್ಜ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ ಹೋರಾಡಿ, ಇಳಿವಯಸ್ಸಿನಲ್ಲಿ ಅಲ್ಲಿನ ಪೌರರಾದರಂತೆ. ಮಗಳಿಗಾಗಿ, ಅಂದರೆ ಗೆಳೆಯನ ತಾಯಿಗಾಗಿ, ಅವರು ಹಾಕಿದ ಅರ್ಜಿ ಮಂಜೂರಾಗಿ ಇಪ್ಪತ್ತು ವರ್ಷವಾದರೂ ವೀಸಾ ಬಂದಿಲ್ಲ. ಈಚೆಗೆ ಅಜ್ಜ ತೀರಿಕೊಂಡರು. ಇಷ್ಟು ವಿಳಂಬವೇಕೆ? ಅರ್ಜಿಯ ಗತಿಯೇನು?
– ಓದುಗರೊಬ್ಬರು, ಮಂಗಳೂರು

ಉತ್ತರ: ವಿಳಂಬದ ಬೇರು ವೀಸಾ ಕಚೇರಿಯಲ್ಲಿಲ್ಲ, 1946ರಲ್ಲಿದೆ. 1941ರ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟ್ ಆಗ ಅಮೆರಿಕದ ಅಧೀನದಲ್ಲಿದ್ದ ಫಿಲಿಪೀನ್ಸ್‌ನ ಪಡೆಗಳನ್ನು ಅಮೆರಿಕದ ಸೇನೆಯ ಸೇವೆಗೆ ಕರೆದುಕೊಂಡರು. ಯುದ್ಧ ಮುಗಿದ ಮೇಲೆ, 1946ರ ಫೆಬ್ರುವರಿಯಲ್ಲಿ, ಅದೇ ಸೇವೆಯನ್ನು ಮಾಜಿ ಯೋಧರ ಬಹುತೇಕ ಸೌಲಭ್ಯಗಳ ಮಟ್ಟಿಗೆ ಸಕ್ರಿಯ ಸೇವೆಯೆಂದು ಪರಿಗಣಿಸಲಾಗದು ಎಂದು ಅಮೆರಿಕದ ಸಂಸತ್ತು ಕಾನೂನು ಮಾಡಿತು. ಪೌರತ್ವದ ಬಾಗಿಲೂ ಹೀಗೆಯೇ ಮುಚ್ಚಿತು: ಯುದ್ಧಕಾಲದ ಕಾನೂನಿನಂತೆ ಸೈನಿಕರಿಗೆ ಸ್ಥಳದಲ್ಲೇ ಪೌರತ್ವ ನೀಡಬೇಕಿದ್ದ ಅಧಿಕಾರವನ್ನು ಮನಿಲಾದಲ್ಲಿ 1945ರ ಅಕ್ಟೋಬರ್‌ನಿಂದ ಸುಮಾರು ಒಂಬತ್ತು ತಿಂಗಳು ಹಿಂತೆಗೆದುಕೊಳ್ಳಲಾಗಿತ್ತು, ಆ ಕಾನೂನಿನ ಅವಧಿ 1946ರ ಕೊನೆಗೆ ಮುಗಿಯಿತು. ಅದು ಮತ್ತೆ ತೆರೆದದ್ದು 1990ರ ವಲಸೆ ಕಾನೂನಿನಿಂದ.

ಈ ನಾಲ್ಕು ದಶಕಗಳ ಅಂತರವೇ ಕುಟುಂಬಗಳನ್ನು ಒಡೆದದ್ದು. ಅಮೆರಿಕದ ಪೌರರ ಪತಿ ಅಥವಾ ಪತ್ನಿಗೆ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ವೀಸಾಗಳ ವಾರ್ಷಿಕ ಮಿತಿಯಿಲ್ಲ. ಯೋಧನಿಗೆ 1946ರಲ್ಲೇ ಪೌರತ್ವ ದೊರೆತಿದ್ದರೆ ಮಕ್ಕಳು ತಂದೆಯ ಜೊತೆಗೇ ಹೋಗಬಹುದಿತ್ತು. ಅದು ಕೈಗೆ ಬರುವ ಹೊತ್ತಿಗೆ ಅವರು ಮದುವೆಯಾಗಿ, ತಾವೇ ತಂದೆತಾಯಿಯರಾಗಿದ್ದರು. ವಿವಾಹಿತ ಮಕ್ಕಳ ವರ್ಗಕ್ಕೆ ಇಡೀ ಜಗತ್ತಿಗೆ ವರ್ಷಕ್ಕೆ ಮೂಲತಃ 23,400 ವೀಸಾಗಳಿವೆ, ಜೊತೆಗೆ ಯಾವುದೇ ಒಂದು ದೇಶಕ್ಕೆ ಒಟ್ಟಾರೆ ಶೇ 7ರ ಮಿತಿಯಿದೆ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳು ಗೊಣಗುವುದೂ ಈ ಶೇ 7ರ ಬಗ್ಗೆಯೇ. ಯೋಧನ ಮಗಳೆಂಬ ಕಾರಣಕ್ಕೆ ಆ ಸರದಿಯಲ್ಲಿ ಯಾವ ರಿಯಾಯಿತಿಯೂ ಇಲ್ಲ.

2016ರ ಜೂನ್ 8ರಿಂದ, ಅರ್ಜಿ ಮಂಜೂರಾದ ಇಂಥ ಮಕ್ಕಳು ವೀಸಾ ಸರದಿ ಬರುವ ಮೊದಲೇ ತಾತ್ಕಾಲಿಕವಾಗಿ ಪ್ರವೇಶಿಸಲು 'ಪೆರೋಲ್' ಯೋಜನೆಯೊಂದು ಆರಂಭವಾಯಿತು. ಇದು ವೀಸಾ ಅಲ್ಲ, ಆಡಳಿತದ ವಿವೇಚನೆಗೆ ಬಿಟ್ಟ ಅನುಮತಿ ಮಾತ್ರ. ಮೂರೇ ವರ್ಷಗಳಲ್ಲಿ, 2019ರ ಆಗಸ್ಟ್‌ನಲ್ಲಿ, ಇದನ್ನು ನಿಲ್ಲಿಸುವ ಇರಾದೆಯನ್ನು ಸರ್ಕಾರವೇ ಪ್ರಕಟಿಸಿತ್ತು. ಆದ್ದರಿಂದ ಇದನ್ನೇ ನಂಬಿ ಕೂರಬಾರದೆಂಬುದು ನನ್ನ ಅಭಿಪ್ರಾಯ.

ಈಗ ತಾಯಿಯ ಅರ್ಜಿಯ ವಿಚಾರ. ಮಂಜೂರಾದ ಅರ್ಜಿ ಅರ್ಜಿದಾರ ತೀರಿಕೊಂಡೊಡನೆ ತಾನಾಗಿ ರದ್ದಾಗುತ್ತದೆ. ಆದರೆ ಮಾನವೀಯ ನೆಲೆಯಲ್ಲಿ ಅದನ್ನು ಪುನರೂರ್ಜಿತಗೊಳಿಸುವಂತೆ ಆಕೆ ಲಿಖಿತವಾಗಿ ಕೋರಬಹುದು. ಅಜ್ಜನ ಮರಣಪತ್ರ, ಮಂಜೂರಾತಿಯ ನೋಟಿಸು, ಮತ್ತು ಅಮೆರಿಕದಲ್ಲಿ ನೆಲೆಸಿರುವ ಪೌರ ಅಥವಾ ಕಾಯಂ ನಿವಾಸಿಯಾದ ಒಡಹುಟ್ಟಿದವರಂತಹ ಹತ್ತಿರದ ಸಂಬಂಧಿಕರು ಆರ್ಥಿಕ ಹೊಣೆ ಹೊರುವ ಪ್ರಮಾಣಪತ್ರ ಬೇಕು. ಒಪ್ಪಿಗೆ ಸಿಕ್ಕರೆ ಹಳೆಯ ಸರದಿಯ ದಿನಾಂಕವೇ ಉಳಿಯುತ್ತದೆ.

ತಮ್ಮ ಗೆಳೆಯ ಮಾತ್ರ ಜೊತೆಗೆ ಹೋಗುವುದು ಕಷ್ಟ. ಅರ್ಜಿ ಮಂಜೂರಾಗಲು ಹಿಡಿದ ಅವಧಿಯನ್ನು ವಯಸ್ಸಿನಿಂದ ಕಳೆದ ಮೇಲೂ 21 ದಾಟಿದ್ದರೆ ಅವರು ತಾಯಿಯ ವೀಸಾದ ಭಾಗವಾಗುವುದಿಲ್ಲ. ತಾಯಿ ಕಾಯಂ ನಿವಾಸಿಯಾದ ನಂತರ ಅವರಿಗಾಗಿ ಹೊಸ ಅರ್ಜಿ ಹಾಕಬಹುದು. ತಾಯಿಗೆ ಪೌರತ್ವ ಸಿಗುವ ಮೊದಲು ಅವರು ಮದುವೆಯಾದರೆ ಆ ಅರ್ಜಿಯೂ ಬಿದ್ದುಹೋಗುತ್ತದೆ.