ಪ್ಯಾಸೇಜ್ ಕೊನೆಗೆ ಕಿಟಕಿ ಬೇಕಾ? ಮೊದಲು ಗೋಡೆಯ ಆಚೆ ಏನಿದೆ ನೋಡಿ

ನಮಸ್ಕಾರ ಸರ್. ಪ್ಯಾಸೇಜ್ ಕೊನೆಯ ಗೋಡೆಗೆ ಕಿಟಕಿ ಇಡಬೇಕಾ ಅಂತ ಕೇಳಿ ನೀವು ಈ ಗುಂಪಿನಲ್ಲಿ ಹಾಕಿದ ಪ್ಲಾನ್ ನೋಡಿದೆ. 30x40 ಸೈಟು, ಮೊದಲನೇ ಮಹಡಿ. ಪೂರ್ವಕ್ಕೆ ಹಾಲ್, ಅಲ್ಲಿಂದ ಒಳಗೆ ಮೂರೂವರೆ ಅಡಿ ಅಗಲ, 16 ಅಡಿ ಉದ್ದದ ಪ್ಯಾಸೇಜ್. ಎರಡೂ ಕಡೆ ಬೆಡ್‌ರೂಮ್, ಕೊನೆಗೆ ಪಶ್ಚಿಮದ ಗೋಡೆ. ಅಲ್ಲಿ ಶೋಕೇಸ್ ಮಾಡೋಣ ಅಂತ ಎಂಜಿನಿಯರ್, ಕಿಟಕಿ ಬೇಕೇ ಬೇಕು ಅಂತ ನಿಮ್ಮ ತಾಯಿ. ನಾನು ತಾಯಿಯವರ ಕಡೆ. ಆದರೆ ಗೋಡೆಯ ನಡುವೆ ಪೆನ್ಸಿಲ್‌ನಲ್ಲಿ ಬರೆದಿರುವ ಆ 3x4 ಕಿಟಕಿ ಬೇಡ.

ಬೆಡ್‌ರೂಮ್ ಬಾಗಿಲು ಮುಚ್ಚಿದರೆ ಈ ಪ್ಯಾಸೇಜ್‌ಗೆ ಬೆಳಕು ಬರುವುದು ಹಾಲ್ ಕಡೆಯಿಂದ ಮಾತ್ರ. ಮಧ್ಯಾಹ್ನವೂ ಲೈಟ್ ಹಾಕಿಕೊಂಡೇ ಓಡಾಡಬೇಕಾಗುತ್ತದೆ. ವಯಸ್ಸಾದವರ ಕಣ್ಣು ಬೆಳಕಿನಿಂದ ಮಬ್ಬಿಗೆ ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕು. ಹಾಲ್‌ನಿಂದ ಬಂದವರು ಬಾತ್‌ರೂಮ್ ಹೊಸ್ತಿಲು ಕಾಣದೆ ಎಡವುವುದು ಇಂಥ ಜಾಗದಲ್ಲೇ. ತಾಯಿಯವರ ಮಾತಿಗೆ ಇದೊಂದೇ ಕಾರಣ ಸಾಕು.

ಇನ್ನು ಗಾಳಿ. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಒಳಗೆ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ. ನಿಮ್ಮ ಪ್ಯಾಸೇಜ್ ಸರಿಯಾಗಿ ಪೂರ್ವ ಪಶ್ಚಿಮಕ್ಕಿದೆ. ಇಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ, ಅದನ್ನು ಶೋಕೇಸ್ ಇಟ್ಟು ಮುಚ್ಚಬೇಡಿ. ಜೊತೆಗೆ ಬೆಡ್‌ರೂಮ್ ಬಾಗಿಲುಗಳ ಮೇಲೆ ಒಂದೊಂದು ವೆಂಟಿಲೇಟರ್ ಇಡಿಸಿ. ಹಳೇ ಮನೆಗಳಲ್ಲಿ ಇರುತ್ತಿತ್ತು ಅಲ್ವಾ? ರಾತ್ರಿ ಬಾಗಿಲು ಹಾಕಿದ ಮೇಲೂ ಕೋಣೆಯ ಬಿಸಿ ಗಾಳಿ ಮೇಲಿಂದ ಆಚೆ ಹೋಗುತ್ತದೆ.

ಈಗ ಗೋಡೆಯ ಆಚೆಗೆ ಬನ್ನಿ. ಹಿಂದಿನ ಸೈಟು ಈಗ ಖಾಲಿ ಇದೆ ಅಂದಿರಿ. ಖಾಲಿ ಸೈಟು ನಂಬಿ ಕಿಟಕಿ ಇಡಬೇಡಿ. ನಾಳೆ ಅಲ್ಲಿ ಮೂರು ಮಹಡಿ ಏಳುತ್ತದೆ ಅಂದುಕೊಂಡೇ ಪ್ಲಾನ್ ಮಾಡಿ. ಬೆಳಕಿನ ಹಕ್ಕು ಅಂತ ಕಾನೂನಿನಲ್ಲಿ ಇದೆ ನಿಜ, 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ. ಆದರೆ ಅದಕ್ಕೆ 20 ವರ್ಷ ಯಾರ ಅಡ್ಡಿಯೂ ಇಲ್ಲದೆ ಆ ಬೆಳಕು ಪಡೆದಿರಬೇಕು. ಹೊಸ ಮನೆಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೇ ರಸ್ತೆಗಳಲ್ಲಿ ಮನೆಗಳ ಹಿಂದೆ ಕನ್ಸರ್‌ವೆನ್ಸಿ ಗಲ್ಲಿ (ಕಸ ಎತ್ತುವವರು ಓಡಾಡುವ ಹಿತ್ತಿಲ ಓಣಿ) ಬಿಟ್ಟಿದ್ದರು, ಹಿಂದಿನ ಕಿಟಕಿಗೆ ಅಷ್ಟಾದರೂ ಜಾಗ ಸಿಗುತ್ತಿತ್ತು. ಈಗಿನ ಲೇಔಟ್‌ಗಳಲ್ಲಿ ಬೆನ್ನಿಗೆ ಬೆನ್ನು ಸೈಟು. ನೀವು ಮೂರು ಅಡಿ, ಅವರು ಮೂರು ಅಡಿ ಬಿಟ್ಟರೆ ಅದೇ ಹೆಚ್ಚು. ಆಗ ಎದುರಿಗೆ ಕಾಣುವುದು ಗೋಡೆ. ಬೆಳಕು ಬರುವುದು ಮೇಲಿನ ಆಕಾಶದ ಪಟ್ಟಿಯಿಂದ. ಹಾಗಾಗಿ ಕಿಟಕಿ ಎಷ್ಟು ಎತ್ತರಕ್ಕಿದ್ದರೆ ಅಷ್ಟು ಒಳ್ಳೆಯದು. ಉಳಿದ ಕಿಟಕಿಗಳಿಗೆ 7 ಅಡಿಗೆ ಲಿಂಟಲ್ (ಕಿಟಕಿಯ ಮೇಲಿನ ಅಡ್ಡ ತೊಲೆ) ಬರಲಿ, ಇದೊಂದಕ್ಕೆ 8 ಅಡಿ ಕೇಳಿ. ಸಿಲ್, ಅಂದರೆ ಕಿಟಕಿಯ ಕೆಳಗಿನ ಅಂಚು, 4 ಅಡಿಗೆ ಇರಲಿ. ಓಡಾಡುವ ಮಕ್ಕಳಿಗೂ ಅದೇ ಕ್ಷೇಮ, ಆಚೆ ಮನೆಯವರ ಕಣ್ಣಿಗೂ ನಿಮ್ಮ ಬಾತ್‌ರೂಮ್ ಬಾಗಿಲು ಬೀಳುವುದಿಲ್ಲ. ಕೆಳಗಿನ ಅರ್ಧಕ್ಕೆ ಫ್ರಾಸ್ಟೆಡ್ ಗಾಜು ಹಾಕಿಸಿ.

ನಡುವೆ ಬೇಡ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲಾನ್‌ನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ಮನೆ ಕಟ್ಟಿದ ಮೇಲೆ ಗೊತ್ತಾಗುತ್ತದೆ. ಉದ್ದನೆಯ ಮಬ್ಬು ಜಾಗದ ಕೊನೆಯಲ್ಲಿ ಒಂದೇ ಒಂದು ಪ್ರಖರ ಚೌಕ ಇದ್ದರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ. ಅಕ್ಕಪಕ್ಕದ ಗೋಡೆ ಇನ್ನೂ ಕಪ್ಪಾಗಿ ಕಾಣುತ್ತದೆ. ಎದುರಿಗೆ ಬರುವವರ ಮುಖ ಕಾಣುವುದಿಲ್ಲ, ಬರೀ ನೆರಳಿನ ಆಕಾರ. ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಇದ್ದರೆ ನೆಲವೂ ಕಣ್ಣಿಗೆ ಕುಕ್ಕುತ್ತದೆ. ನೆಲ ಒದ್ದೆ ಇದ್ದರೂ ತಿಳಿಯುವುದಿಲ್ಲ. ಅದೇ ಕಿಟಕಿಯನ್ನು ಪಕ್ಕದ ಗೋಡೆಗೆ ಅಂಟಿಕೊಂಡ ಹಾಗೆ, ಕಿರಿದಾಗಿ, ಎತ್ತರವಾಗಿ ಇಡಿ. ಬೆಳಕು ಆ ಪಕ್ಕದ ಗೋಡೆಯನ್ನು ಸವರಿಕೊಂಡು ಒಳಗೆ ಬರುತ್ತದೆ. ಗೋಡೆಯೇ ಬೆಳಗುತ್ತದೆ, ಕಿಟಕಿ ಕಣ್ಣಿಗೆ ಹೊಡೆಯುವುದಿಲ್ಲ. ಆ ಗೋಡೆಗೆ ತಿಳಿ ಬಣ್ಣ, ನೆಲಕ್ಕೆ ಮ್ಯಾಟ್ ಟೈಲ್ಸ್ ಹಾಕಿಸಿ. ಕಡಿಮೆ ಬಾಗಿಲು ಇರುವ ಬದಿಯನ್ನೇ ಆರಿಸಿ, ನಿಮ್ಮಲ್ಲಿ ಅದು ದಕ್ಷಿಣದ ಗೋಡೆ. ಮೂಲೆಯಲ್ಲಿ ಲಿಂಟಲ್ ಕೂರಲು ಜಾಗ ಇಲ್ಲ ಅಂತ ಮೇಸ್ತ್ರಿ ತಕರಾರು ತೆಗೆಯಬಹುದು. ಗೋಡೆಯ ಉದ್ದಕ್ಕೂ ಲಿಂಟಲ್ ಎಳೆದರೆ ಆ ತೊಂದರೆ ಇರುವುದಿಲ್ಲ, ಎಂಜಿನಿಯರ್ ಹತ್ತಿರ ಒಂದು ಮಾತು ಹೇಳಿಸಿ.

ಅಳತೆ 2x4 ಸಾಕು. ಕೋಣೆಗಳಿಗಾದರೆ ಹವೆಗೆ ತಕ್ಕಂತೆ ನೆಲದ ಹನ್ನೆರಡನೇ ಒಂದು ಭಾಗದಿಂದ ಆರನೇ ಒಂದು ಭಾಗದಷ್ಟು ಕಿಟಕಿ ಇರಲಿ ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ನಿಮ್ಮ ಪ್ಯಾಸೇಜ್ 56 ಚದರ ಅಡಿ, ಕಿಟಕಿ 8 ಚದರ ಅಡಿ. ಕೋಣೆಯ ಲೆಕ್ಕಕ್ಕೇ ಸರಿಹೋಗುತ್ತದೆ. ಆದರೆ ಸ್ಲೈಡಿಂಗ್ ಯುಪಿವಿಸಿ (ಪಕ್ಕಕ್ಕೆ ಜಾರುವ ಪ್ಲಾಸ್ಟಿಕ್ ಫ್ರೇಮಿನ ಕಿಟಕಿ) ಹಾಕಿಸಬೇಡಿ. ಎರಡು ಅಡಿಯ ಸ್ಲೈಡಿಂಗ್‌ನಲ್ಲಿ ಒಂದೇ ಅಡಿ ತೆರೆಯುತ್ತದೆ, ಗಾಳಿ ಅರ್ಧಕ್ಕರ್ಧ ಹೋಯಿತು. ಹೊರಗೆ ತೆರೆಯುವ ಗಾಜಿನ ಶಟರ್, ನಡುವೆ ಗ್ರಿಲ್, ಒಳಗೆ ತೆರೆಯುವ ಸೊಳ್ಳೆ ಮೆಶ್ ಶಟರ್. ನಮ್ಮ ಊರಿಗೆ ಇದೇ ಸರಿ. ಮೆಶ್ ಇಲ್ಲದಿದ್ದರೆ ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತೀರಿ, ಆಮೇಲೆ ತೆರೆಯುವುದೇ ಇಲ್ಲ.

ಪಶ್ಚಿಮ ಅಂದ ಮೇಲೆ ಬಿಸಿಲು, ಮಳೆ ಎರಡನ್ನೂ ಯೋಚಿಸಬೇಕು. ಮಾರ್ಚ್, ಏಪ್ರಿಲ್ ಸಂಜೆಯ ಬಿಸಿಲು ತಗ್ಗಿನಲ್ಲಿ ಓರೆಯಾಗಿ ಬರುತ್ತದೆ, ಅದನ್ನು ಕಿಟಕಿಯ ಮೇಲೆ ಚಾಚಿದ ಸಜ್ಜಾ ತಡೆಯುವುದಿಲ್ಲ. ಹಿಂದಿನವರು ಕಟ್ಟುವವರೆಗೆ ಹೊರಗಡೆ ಬಿದಿರಿನ ಪರದೆ ಇಳಿಬಿಡಿ. ಒಳಗಿನ ಕರ್ಟನ್‌ಗೆ ಬಿಸಿಲು ಬೀಳುವಷ್ಟರಲ್ಲಿ ಶಾಖ ಒಳಗೆ ಬಂದಾಗಿರುತ್ತದೆ. ಸಜ್ಜಾ ಬೇಕಾಗಿರುವುದು ಮಳೆಗೆ, ಎರಡು ಅಡಿ ಇರಲಿ. ಏಪ್ರಿಲ್, ಮೇ ಗುಡುಗು ಮಳೆಗೆ ನೀರು ಓರೆಯಾಗಿ ಹೊಡೆಯುತ್ತದೆ. ಹೊರಗಿನ ಗ್ರಾನೈಟ್ ಸಿಲ್‌ಗೆ ಆಚೆ ಕಡೆ ಇಳಿಜಾರು ಕೊಡಿಸಿ, ಅಂಚಿನ ಅಡಿಯಲ್ಲಿ ಒಂದು ಗ್ರೂವ್ ಹೊಡೆಸಿ. ಇಲ್ಲದಿದ್ದರೆ ನೀರು ಗೋಡೆಗೆ ಇಳಿದು ಪೇಂಟ್ ಏಳುತ್ತದೆ. ಕೊನೆಯ ಗೋಡೆ ಉತ್ತರಕ್ಕಿರುವವರು ಈ ಗುಂಪಿನಲ್ಲಿದ್ದರೆ ಅವರಿಗೆ ಕೆಲಸ ಸುಲಭ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿದ್ದರೂ ನೆತ್ತಿಯ ಹತ್ತಿರವೇ ಇರುತ್ತಾನೆ. ಒಂದೂವರೆ ಅಡಿ ಸಜ್ಜಾ ಸಾಕು.

ವಾಸ್ತು ಪ್ರಕಾರ ಇಲ್ಲಿ ಕಿಟಕಿ ಇಡಬಹುದಾ ಅಂತ ಗುಂಪಿನಲ್ಲಿ ಇಬ್ಬರು ಕೇಳಿದ್ದಾರೆ. ಅದು ನಿಮ್ಮ ಮನೆಯವರ ನಂಬಿಕೆಗೆ ಬಿಟ್ಟದ್ದು. ಬಾಗಿಲಿಗೆ ನೇರ ಕಿಟಕಿ ಬೇಡ ಅನ್ನುವವರಿಗೂ ಬದಿಗೆ ಸರಿದ ಕಿಟಕಿ ಒಪ್ಪಿಗೆಯಾಗಬಹುದು.

ಇನ್ನೂ ತೀರ್ಮಾನ ಆಗದಿದ್ದರೆ ಲಿಂಟಲ್ ಮತ್ತು ಸಜ್ಜಾ ಮಾತ್ರ ಈಗಲೇ ಹಾಕಿಸಿ, ಕೆಳಗೆ ಸುಮ್ನೆ ಬ್ಲಾಕ್ ತುಂಬಿಸಿ. ಬೇಕಾದಾಗ ಬ್ಲಾಕ್ ಬಿಚ್ಚಿ ಫ್ರೇಮ್ ಕೂರಿಸಬಹುದು. ಪ್ಲಾಸ್ಟರ್, ಪೇಂಟ್ ಎಲ್ಲ ಆದ ಮೇಲೆ ಲಿಂಟಲ್ ಇಲ್ಲದ ಗೋಡೆ ಕೊರೆಯುವುದು ದುಡ್ಡಿಗೂ ಕಷ್ಟ, ಗೋಡೆಗೂ ಕೆಟ್ಟದ್ದು.

ಒಂದು ವಿಷಯ ಪ್ಲಾನ್‌ನಲ್ಲಿ ಕಾಣಲಿಲ್ಲ. ಇದರ ಮೇಲೆ ಇನ್ನೊಂದು ಮಹಡಿ ಕಟ್ಟುತ್ತೀರಾ, ಇಲ್ಲ ಇದೇ ಕೊನೆಯ ತಾರಸಿಯಾ? ಕೊನೆಯದಾದರೆ ಪ್ಯಾಸೇಜ್ ನಡುವೆ ತಾರಸಿಯಲ್ಲಿ ಬೆಳಕಿಗೆಂದು ಬಿಡುವ 2x2 ಗಾಜಿನ ಕಿಂಡಿ, ಅಂದರೆ ಸ್ಕೈಲೈಟ್‌ಗೂ ಜಾಗ ಇದೆ. ಸುತ್ತಲೂ ಆರು ಇಂಚು ಕಟ್ಟೆ ಎತ್ತಿ ಲ್ಯಾಮಿನೇಟೆಡ್ ಗಾಜು ಹಾಕಬೇಕು. ಸ್ಲ್ಯಾಬ್ ಹಾಕುವ ಮುಂಚೆಯೇ ಹೇಳಿ, ಕಂಬಿ ಕಟ್ಟುವಾಗಲೇ ಆ ಜಾಗ ಬಿಡಿಸಬೇಕು.