ಡೇಟಾ ಸೆಂಟರ್ ಟೆಕ್ನಿಷಿಯನ್ ಅಂದ್ರೆ ಸುಮ್ನೆ ಸ್ಕ್ರೀನ್ ನೋಡೋ ಕೆಲಸನಾ?

ಎಲೆಕ್ಟ್ರಿಕಲ್ ಡಿಪ್ಲೊಮಾ ಆಗಿದೆ, ಡೇಟಾ ಸೆಂಟರ್‌ನಲ್ಲಿ ಪವರ್, ಕೂಲಿಂಗ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಶಿಫ್ಟ್ ಪೂರ್ತಿ ಸ್ಕ್ರೀನ್ ಮುಂದೆ ಕೂರಬೇಕಾ ಅಂತ ಕೇಳಿದ್ದೀರಿ. ನಾನು ವೈಟ್‌ಫೀಲ್ಡ್ ಕಡೆ ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕೂರಲು ಪುರುಸೊತ್ತೇ ಸಿಗುವುದಿಲ್ಲ.

ನಮ್ಮಲ್ಲಿ ಎರಡು ಗಂಟೆಗೊಮ್ಮೆ ರೌಂಡ್ಸ್. ಯುಪಿಎಸ್ ಲೋಡ್, ಚಿಲ್ಲರ್ (ಕೂಲಿಂಗ್‌ಗೆ ನೀರು ತಣ್ಣಗೆ ಮಾಡುವ ಯಂತ್ರ) ನೀರಿನ ಟೆಂಪರೇಚರ್, ಡೀಸೆಲ್ ಎಷ್ಟಿದೆ, ಎಲ್ಲವನ್ನೂ ಲಾಗ್ ಶೀಟಿಗೆ ಬರೆಯಬೇಕು. ಬಿಎಂಎಸ್ (ಕಟ್ಟಡದ ಯಂತ್ರಗಳ ಮೇಲೆ ಕಣ್ಣಿಡುವ ಕಂಪ್ಯೂಟರ್ ವ್ಯವಸ್ಥೆ) ಸ್ಕ್ರೀನಿನಲ್ಲೂ ಇವು ಕಾಣುತ್ತವೆ, ನಿಜ. ಆದರೆ ಬೆಲ್ಟ್ ಕಿರುಗುಟ್ಟುವುದು, ಎಸಿ ಯೂನಿಟ್ ಕೆಳಗೆ ನೀರು ಜಿನುಗುವುದು, ಬ್ಯಾಟರಿ ಹೊಟ್ಟೆ ಉಬ್ಬಿರುವುದು ಹತ್ತಿರ ಹೋದವರಿಗೇ ಗೊತ್ತಾಗೋದು.

ಕರೆಂಟ್ ಹೋದರೆ ಜನರೇಟರ್ ಲೋಡ್ ಹಿಡಿಯಲು ಸಾಮಾನ್ಯವಾಗಿ 10-15 ಸೆಕೆಂಡ್ ಬೇಕು. ಅಷ್ಟು ಹೊತ್ತು ಸರ್ವರ್‌ಗಳನ್ನು ಉಳಿಸುವುದು ಯುಪಿಎಸ್ ಬ್ಯಾಟರಿ. ನಾನು ಹೊಸಬನಾಗಿದ್ದಾಗ ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯಿತು, ಡಿಜಿ (ಡೀಸೆಲ್ ಜನರೇಟರ್) ಸ್ಟಾರ್ಟ್ ಆಗಲೇ ಇಲ್ಲ. ಹಗಲು ಸರ್ವಿಸ್ ಮಾಡಿದವರು ಸೆಲೆಕ್ಟರ್ ಸ್ವಿಚ್ಚನ್ನು ಮತ್ತೆ ಆಟೋಗೆ ಹಾಕಿರಲಿಲ್ಲ. ಶಿಫ್ಟ್ ಬದಲಾಗುವಾಗ ನಾನೂ ನೋಡಿರಲಿಲ್ಲ. ಬ್ಯಾಟರಿ ಬ್ಯಾಕಪ್ ಇದ್ದದ್ದು ಹತ್ತೇ ನಿಮಿಷ. ನಮ್ಮ ಸೀನಿಯರ್ ಮಳೆಯಲ್ಲೇ ಓಡಿ ಹೋಗಿ ಮ್ಯಾನುಯಲ್‌ನಲ್ಲಿ ಸ್ಟಾರ್ಟ್ ಮಾಡಿದರು. ಒಂದು ಸರ್ವರ್ ಕೂಡ ಬೀಳಲಿಲ್ಲ. ಆದರೆ ನನ್ನ ಕೈ ನಡುಗುವುದು ನಿಲ್ಲಲು ಬೆಳಗಾಯಿತು. ಇವತ್ತಿಗೂ ಡ್ಯೂಟಿಗೆ ಬಂದರೆ ಬ್ಯಾಗ್ ಇಡುವ ಮೊದಲು ಡಿಜಿ ಪ್ಯಾನೆಲ್ ನೋಡಿ ಬರುತ್ತೇನೆ.

ಕೂಲಿಂಗ್‌ನಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ತಂಪು ಜಾಸ್ತಿ ಆದಷ್ಟೂ ಒಳ್ಳೆಯದು ಅಂದುಕೊಳ್ಳುತ್ತಾರೆ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು. ಎಲ್ಲೋ ಸರ್ವರ್ ಜೋಡಿಸಿಟ್ಟ ಒಂದು ರ‍್ಯಾಕ್ ಬಿಸಿ ಅಂದ ತಕ್ಷಣ ಎಸಿ ಟೆಂಪರೇಚರ್ ಇಳಿಸಬೇಡಿ. ಅದರಲ್ಲಿರುವ ಖಾಲಿ ಜಾಗಕ್ಕೆ ಮುಚ್ಚಳ ಹಾಕದೆ ಹಿಂದಿನ ಬಿಸಿಗಾಳಿ ಮುಂದಕ್ಕೆ ಬರುತ್ತಿದೆಯಾ ಅಂತ ಮೊದಲು ನೋಡಿ.

ಬ್ಯಾಟರಿ ರೂಮಿನಲ್ಲಿ ಮಾತ್ರ ಅವಸರ ಬೇಡವೇ ಬೇಡ. 12 ವೋಲ್ಟಿನ 40 ಬ್ಯಾಟರಿ ಸಾಲಾಗಿ ಸೇರಿದರೆ 480 ವೋಲ್ಟ್ ಡಿಸಿ. ಬ್ರೇಕರ್ ಇಳಿಸಿದರೂ ಬ್ಯಾಟರಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಉಂಗುರ, ವಾಚು ತೆಗೆದಿಟ್ಟೇ ಒಳಗೆ ಹೋಗಿ.

ಧೈರ್ಯವಾಗಿ ಸೇರಿಕೊಳ್ಳಿ. ನೈಟ್ ಶಿಫ್ಟ್ ಇರುತ್ತದೆ, ಹಬ್ಬಕ್ಕೂ ಡ್ಯೂಟಿ ಬೀಳುತ್ತದೆ, ಮನೆಯವರಿಗೆ ಮೊದಲೇ ಹೇಳಿಬಿಡಿ. ಮೊದಲ ತಿಂಗಳಲ್ಲೇ ಟ್ರಾನ್ಸ್‌ಫಾರ್ಮರ್‌ನಿಂದ ರ‍್ಯಾಕ್‌ವರೆಗಿನ ಸಿಂಗಲ್ ಲೈನ್ ಡಯಾಗ್ರಾಮನ್ನು (ಕರೆಂಟ್ ಹರಿಯುವ ದಾರಿಯ ನಕ್ಷೆ) ನೋಡದೆ ಬರೆಯುವುದು ಕಲಿಯಿರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಬಿಡಿಸಿ ಹೇಳುತ್ತೇನೆ.