ಎಕ್ಸ್‌ಪಿಡೈಟ್ ಸರಕು ಸಾಗಣೆಗೆ ಇಳಿಯಲು ಈಗಲೇ ಕಾರ್ಗೋ ವ್ಯಾನ್ ಕೊಳ್ಳಬೇಕೆ?

ನೀವು ಮಿಷಿಗನ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಇದೆ, ಇದ್ದ ಕೆಲಸ ಹೋಗಿದೆ. ಉಳಿತಾಯದ ಹಣದಲ್ಲಿ ಒಂದು ಕಾರ್ಗೋ ವ್ಯಾನ್ ಕೊಂಡು ಎಕ್ಸ್‌ಪಿಡೈಟ್ ಸಾಗಣೆಗೆ, ಅಂದರೆ ತುರ್ತು ಸರಕನ್ನು ನೇರವಾಗಿ ತಲುಪಿಸುವ ಕೆಲಸಕ್ಕೆ, ಇಳಿಯಬೇಕೆಂದಿದ್ದೀರಿ. ಮುಂದೆ ನಿಮ್ಮ ಪತ್ನಿಯೂ ಜೊತೆಗೆ ಓಡಿಸುವ ಯೋಚನೆಯಿದೆ. ಹೊಸಬರು ಏನು ತಿಳಿದಿರಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಓಹಾಯೋದಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ವ್ಯಾನ್ ಓಡಿಸುತ್ತಿದ್ದೆ, ಈಗ ಸ್ಟ್ರೈಟ್ ಟ್ರಕ್ (ಪ್ರತ್ಯೇಕ ಟ್ರೇಲರ್ ಇಲ್ಲದೆ ಸರಕಿನ ಪೆಟ್ಟಿಗೆ ಟ್ರಕ್‌ಗೇ ಜೋಡಿಸಿರುವ ವಾಹನ) ಓಡಿಸುತ್ತೇನೆ. ನನ್ನ ಸಲಹೆ ಸ್ಪಷ್ಟವಾಗಿದೆ: ವಾಹನವನ್ನು ಈಗ ಕೊಳ್ಳಬೇಡಿ. ಕನಿಷ್ಠ ಒಂದು ವರ್ಷ ಬೇರೆ ಮಾಲೀಕರ ವಾಹನವನ್ನು ಓಡಿಸಿ, ಆಮೇಲೆ ನಿರ್ಧರಿಸಿ. ಏಕೆಂದು ವಿವರವಾಗಿ ಹೇಳುತ್ತೇನೆ.

ಈ ವೃತ್ತಿಯ ಬಗ್ಗೆ ಹೊರಗಿನವರಿಗೆ ಇರುವ ಮೊದಲ ತಪ್ಪು ತಿಳಿವಳಿಕೆಯೆಂದರೆ ಇಲ್ಲಿ ವೇಗವಾಗಿ ಓಡಿಸಬೇಕು ಎಂಬುದು. ರಸ್ತೆಯ ವೇಗಮಿತಿ ನಮಗೂ ಇತರರಿಗೂ ಒಂದೇ. ಸಾಮಾನ್ಯ ಸಾಗಣೆಯಲ್ಲಿ ಸರಕು ಗೋದಾಮಿನಿಂದ ಗೋದಾಮಿಗೆ ಇಳಿದು ಹತ್ತಿ, ಬೇರೆಯವರ ಸರಕಿನ ಜೊತೆ ಸೇರಿ, ಹಲವು ದಿನಗಳ ನಂತರ ತಲುಪುತ್ತದೆ. ನಮ್ಮಲ್ಲಿ ಒಬ್ಬ ಗ್ರಾಹಕರ ಸರಕು ಮಾತ್ರ ಒಂದು ವಾಹನಕ್ಕೆ ಏರಿ, ಎಲ್ಲಿಯೂ ಇಳಿಯದೆ ನೇರವಾಗಿ ಹೋಗುತ್ತದೆ. ಸಮಯ ಉಳಿತಾಯವಾಗುವುದು ಇದರಿಂದಲೇ. ಕಾರು ಕಾರ್ಖಾನೆಗಳು ಬಿಡಿಭಾಗಗಳನ್ನು ಹೆಚ್ಚು ದಾಸ್ತಾನು ಇಟ್ಟುಕೊಳ್ಳದೆ ಬೇಕಾದಾಗ ತರಿಸಿಕೊಳ್ಳುವ ಪದ್ಧತಿಯಲ್ಲಿ ನಡೆಯುತ್ತವೆ. ಒಂದು ಸಣ್ಣ ಬಿಡಿಭಾಗ ಬಾರದಿದ್ದರೆ ಇಡೀ ಜೋಡಣಾ ಸಾಲು ನಿಲ್ಲಬಹುದು, ಆ ನಷ್ಟದ ಮುಂದೆ ಎರಡು ಪ್ಯಾಲೆಟ್‌ಗಳಿಗಾಗಿ ಒಂದು ಪೂರ್ತಿ ವಾಹನ ಗೊತ್ತುಮಾಡುವ ಖರ್ಚು ಅವರಿಗೆ ಏನೂ ಅಲ್ಲ. ಮಿಷಿಗನ್, ಓಹಾಯೋ, ಇಂಡಿಯಾನಾಗಳಲ್ಲಿ ಈ ಕೆಲಸ ಬೆಳೆದದ್ದಕ್ಕೆ ಮುಖ್ಯ ಕಾರಣ ಇದೇ. ಈ ವೃತ್ತಿಗೆ ರೂಪ ಕೊಟ್ಟ ಕಂಪನಿಗಳಲ್ಲಿ ಮುಖ್ಯವಾದ ರಾಬರ್ಟ್ಸ್ ಎಕ್ಸ್‌ಪ್ರೆಸ್ ಓಹಾಯೋದ ಆಕ್ರನ್ ಭಾಗದ್ದು. ಅದೇ ಮುಂದೆ ಫೆಡೆಕ್ಸ್ ಕಸ್ಟಮ್ ಕ್ರಿಟಿಕಲ್ ಆಯಿತು. ಮೆಕ್ಸಿಕೋದ ಕಾರ್ಖಾನೆಗಳಿಂದ ಟೆಕ್ಸಸ್‌ನ ಲರೇಡೋ ಗಡಿಯ ಮೂಲಕ ಉತ್ತರಕ್ಕೆ ಬರುವ ಬಿಡಿಭಾಗಗಳೂ ನಮಗೆ ದೊಡ್ಡ ಆಧಾರ.

ಆದ್ದರಿಂದ ಗ್ರಾಹಕರು ಹಣ ಕೊಡುವುದು ಯಾವ ಗಳಿಗೆಯಲ್ಲಿ ಕರೆದರೂ ಒಂದು ವಾಹನ ಸಿದ್ಧವಾಗಿರುತ್ತದೆ ಎಂಬ ಭರವಸೆಗೆ. ಆ ಭರವಸೆಯ ಬೆಲೆಯನ್ನು ನಾವು ಕಾಯುವುದರ ಮೂಲಕ ತೆರುತ್ತೇವೆ. ಒಂದು ಲೋಡ್ ಇಳಿಸಿದ ಮೇಲೆ ಮುಂದಿನದು ಅರ್ಧ ಗಂಟೆಯಲ್ಲಿ ಬರಬಹುದು, ಎರಡು ದಿನ ಬಾರದೆಯೂ ಇರಬಹುದು, ಮತ್ತು ಕಾಯುವ ಈ ಸಮಯಕ್ಕೆ ಸಾಮಾನ್ಯವಾಗಿ ಯಾರೂ ಹಣ ಕೊಡುವುದಿಲ್ಲ. ಜುಲೈ ಆರಂಭದಲ್ಲಿ ಕಾರು ಕಾರ್ಖಾನೆಗಳು ದುರಸ್ತಿಗಾಗಿ ಮುಚ್ಚುತ್ತವೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೂ ಮುಚ್ಚಿರುತ್ತವೆ. ಆ ವಾರಗಳಲ್ಲಿ ಲೋಡ್‌ಗಳು ತೀರಾ ಕಡಿಮೆ. 2023ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಕಾರು ಕಾರ್ಮಿಕರ ಯುಎಡಬ್ಲ್ಯೂ ಸಂಘಟನೆಯ ಮುಷ್ಕರ ನಡೆದಾಗ ಕಾರು ಉದ್ಯಮವನ್ನೇ ನಂಬಿದ್ದ ಚಾಲಕರಿಗೆ ತಮ್ಮ ಅವಲಂಬನೆ ಎಷ್ಟೆಂಬುದು ಅರಿವಾಯಿತು. ಮೂರು ತಿಂಗಳ ಮನೆ ಖರ್ಚು ಮತ್ತು ದೊಡ್ಡದೊಂದು ರಿಪೇರಿಗೆ ಬೇಕಾದ ಹಣ ಬೇರೆಯಾಗಿ ಇಲ್ಲದವರು ಸ್ವಂತ ವಾಹನದ ಕಂತು ಕಟ್ಟುವ ಸಾಹಸಕ್ಕೆ ಹೋಗಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ನಿಮ್ಮ ಪ್ರಶ್ನೆ ವ್ಯಾನ್ ಕುರಿತಾದ್ದರಿಂದ, ನಿದ್ರೆಯ ವಿಷಯವನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾಗಿದೆ. ಅಮೆರಿಕದ ಕೇಂದ್ರ ನಿಯಮದ ಪ್ರಕಾರ, ತಯಾರಕರು ನಿಗದಿಪಡಿಸಿದ ಒಟ್ಟು ತೂಕ 10,001 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿರುವ ವಾಹನಗಳನ್ನು ಓಡಿಸುವವರಿಗೆ ಕೆಲಸದ ಗಂಟೆಗಳ ಮಿತಿ ಅನ್ವಯಿಸುತ್ತದೆ: 10 ಗಂಟೆ ಸತತ ವಿಶ್ರಾಂತಿಯ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು, 8 ಗಂಟೆ ಓಡಿಸಿದ ಮೇಲೆ 30 ನಿಮಿಷ ಬಿಡುವು ಕಡ್ಡಾಯ, ಕಂಪನಿಯ ಪದ್ಧತಿಗೆ ತಕ್ಕಂತೆ 7 ದಿನಕ್ಕೆ 60 ಅಥವಾ 8 ದಿನಕ್ಕೆ 70 ಗಂಟೆ ಕೆಲಸದ ಮೇಲ್ಮಿತಿ. ಇದೆಲ್ಲವೂ ವಾಹನದ ಎಲೆಕ್ಟ್ರಾನಿಕ್ ಲಾಗ್‌ನಲ್ಲಿ ದಾಖಲಾಗುತ್ತದೆ. ಸಾಮಾನ್ಯ ಕಾರ್ಗೋ ವ್ಯಾನ್ ಈ ತೂಕಕ್ಕಿಂತ ಕೆಳಗಿರುವುದರಿಂದ, ಎಚ್ಚರಿಕೆಯ ಫಲಕ ಹಾಕಬೇಕಾದ ಅಪಾಯಕಾರಿ ಸರಕು ಒಯ್ಯದಿದ್ದರೆ, ಈ ಮಿತಿಗಳು ಅದಕ್ಕೆ ಅನ್ವಯಿಸುವುದಿಲ್ಲ. ಹೊಸಬರು ಇದನ್ನು ಅನುಕೂಲವೆಂದು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಅತಿದೊಡ್ಡ ಅಪಾಯ ಇದೇ ಆಗಿದೆ. ಟ್ರಕ್ ಚಾಲಕರು ಲೋಡ್ ಹಂಚುವ ಡಿಸ್ಪ್ಯಾಚರ್‌ಗೆ "ನನ್ನ ಗಂಟೆಗಳು ಮುಗಿದಿವೆ" ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಕಾನೂನು ಅವರ ಬೆನ್ನಿಗಿದೆ. ವ್ಯಾನ್ ಚಾಲಕರಿಗೆ ಆ ಆಸರೆಯಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಇಡೀ ದಿನ ಲೋಡಿಗಾಗಿ ಕಾದವರಿಗೆ ರಾತ್ರಿ ಒಂಬತ್ತಕ್ಕೆ ಎಂಟುನೂರು ಮೈಲಿನ ಲೋಡ್ ಬರುತ್ತದೆ, ಎರಡು ದಿನ ಸಂಪಾದನೆ ಇಲ್ಲದ ಮನಸ್ಸು ಅದನ್ನು ಒಪ್ಪಿಕೊಳ್ಳುವಂತೆ ಒತ್ತಾಯಿಸುತ್ತದೆ.

ಆದ್ದರಿಂದ ನಿಮ್ಮ ಮಿತಿಯನ್ನು ನೀವೇ ಹಾಕಿಕೊಳ್ಳಿ, ಅದನ್ನು ಡಿಸ್ಪ್ಯಾಚರ್‌ಗೆ ಮೊದಲ ದಿನವೇ ತಿಳಿಸಿ. ಟ್ರಕ್‌ಗಳಿಗಿರುವ 11 ಮತ್ತು 14 ಗಂಟೆಗಳ ನಿಯಮವನ್ನೇ ವ್ಯಾನಿನಲ್ಲೂ ಪಾಲಿಸುವುದು ಒಳ್ಳೆಯದು. ಸರಕು ಇಳಿಸಿದ ಕೂಡಲೇ ಊಟಕ್ಕಿಂತ ಮೊದಲು ಮಲಗುವುದನ್ನು ಅಭ್ಯಾಸ ಮಾಡಿಕೊಳ್ಳಿ, ಹೊತ್ತು ಮಧ್ಯಾಹ್ನವಾಗಿದ್ದರೂ ಸರಿ. ಅನೇಕ ಲೋಡ್‌ಗಳು ಸಂಜೆಯ ಪಾಳಿಯ ನಂತರ ಹೊರಡುತ್ತವೆ. ಹಗಲಿನಲ್ಲಿ ಮಲಗಲು ಆಗದ ದೇಹ ನಿಮ್ಮದಾಗಿದ್ದರೆ ಈ ಕೆಲಸ ನಿಮಗೆ ಹೊಂದುವುದಿಲ್ಲ, ಮತ್ತು ವಾಹನ ಕೊಳ್ಳುವ ಮೊದಲೇ ಅದು ತಿಳಿಯಬೇಕು.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಲೋಡ್ ಕೊಡುವವರು ಸರಕು ಇರುವ ಮೈಲುಗಳ ದರವನ್ನಷ್ಟೇ ಹೇಳುತ್ತಾರೆ. 400 ಮೈಲಿನ ಲೋಡಿಗೆ 600 ಡಾಲರ್ ಎಂದುಕೊಳ್ಳೋಣ. ಮೈಲಿಗೆ ಒಂದೂವರೆ ಡಾಲರ್ ಎಂದು ಕಾಣುತ್ತದೆ. ಸರಕು ಹತ್ತಿಸಿಕೊಳ್ಳಲು 100 ಮೈಲು ಖಾಲಿ ಹೋಗಿ, ಇಳಿಸಿದ ಊರಿನಲ್ಲಿ ಲೋಡ್ ಸಿಗದೆ 300 ಮೈಲು ಖಾಲಿ ಹಿಂದಿರುಗಿದರೆ ಓಡಿದ್ದು 800 ಮೈಲು, ಸಿಕ್ಕಿದ್ದು ಮೈಲಿಗೆ 75 ಸೆಂಟ್. ಇಂಧನ, ಟೈರ್, ಆಯಿಲ್, ವಿಮೆ, ವಾಹನದ ಸವಕಳಿ ಎಲ್ಲವೂ ಇದರೊಳಗೆ ಬರಬೇಕು. ಹಾಗಾಗಿ ಲೋಡ್ ಎಲ್ಲಿಂದ ಎಂಬುದಕ್ಕಿಂತ ಅದು ನಿಮ್ಮನ್ನು ಎಲ್ಲಿ ಬಿಡುತ್ತದೆ ಎಂಬುದನ್ನು ಮೊದಲು ನೋಡಿ. ಫ್ಲಾರಿಡಾಕ್ಕೆ ಒಳ್ಳೆಯ ದರದಲ್ಲಿ ಹೋಗಬಹುದು, ಆದರೆ ಅಲ್ಲಿಂದ ಹೊರಬರುವ ಸರಕು ಕಡಿಮೆ. ಓಹಾಯೋ, ಇಂಡಿಯಾನಾ, ಕೆಂಟಕಿ, ಟೆನೆಸಿಗಳಲ್ಲಿ ಇಳಿಸಿದರೆ ಮುಂದಿನ ಲೋಡ್ ಸಿಗುವ ಸಾಧ್ಯತೆ ಹೆಚ್ಚು. ಯಾವ ಊರಿಗೆ ಬೇಡವೆನ್ನಬೇಕು ಎಂಬ ಈ ವಿವೇಚನೆ ಒಂದು ವರ್ಷ ಓಡಿಸದೆ ಬರುವುದಿಲ್ಲ, ಮತ್ತು ಅದನ್ನು ಬೇರೆಯವರ ವಾಹನದಲ್ಲಿ ಕಲಿತರೆ ಕಲಿಕೆಯ ನಷ್ಟ ನಿಮ್ಮ ಉಳಿತಾಯವನ್ನು ತಿನ್ನುವುದಿಲ್ಲ. ಇಂಥ ಮಾಲೀಕರೊಂದಿಗೆ ಆದಾಯವನ್ನು ಶೇಕಡಾ 60 ಮಾಲೀಕರಿಗೆ, 40 ಚಾಲಕರಿಗೆ ಎಂದು ಹಂಚಿಕೊಳ್ಳುವುದು ಬಹಳ ಕಡೆ ರೂಢಿಯಲ್ಲಿದೆ. ಇಂಧನ ಯಾರದು, ಟೋಲ್ ಯಾರದು, ವಾಹನ ಕೆಟ್ಟು ನಿಂತರೆ ಹೋಟೆಲ್ ಖರ್ಚು ಯಾರದು ಎಂಬುದೆಲ್ಲ ಬರಹದಲ್ಲಿರಬೇಕು. ಬರೆದುಕೊಡಲು ಹಿಂಜರಿಯುವ ಮಾಲೀಕರ ಬಳಿ ಸೇರಲೇಬೇಡಿ.

ಮುಂದೊಂದು ದಿನ ಸ್ವಂತ ವಾಹನವನ್ನು ಕಂಪನಿಗೆ ಲೀಸ್ ಕೊಡುವಾಗ ಕೇಂದ್ರ ನಿಯಮಾವಳಿಯ 376ನೆಯ ಭಾಗವನ್ನು ಓದಿ. ಕಾಗದಪತ್ರ ಒಪ್ಪಿಸಿದ 15 ದಿನಗಳೊಳಗೆ ಹಣ ಪಾವತಿಯಾಗಬೇಕು, ಶೇಕಡಾವಾರು ಲೆಕ್ಕದಲ್ಲಿ ಹಣ ಕೊಡುವುದಾದರೆ ಮೂಲ ಬಿಲ್ಲಿನ ಪ್ರತಿ ನಿಮಗೆ ಸಿಗಬೇಕು, ಲೀಸ್ ಮುಗಿದ 45 ದಿನಗಳೊಳಗೆ ನಿಮ್ಮ ಎಸ್ಕ್ರೋ ಹಣ (ಕಂಪನಿಯ ಬಳಿ ಇಟ್ಟ ಠೇವಣಿ) ಲೆಕ್ಕ ಸಮೇತ ಹಿಂದಿರುಗಬೇಕು ಎಂದು ಅದು ಹೇಳುತ್ತದೆ. ತೆರಿಗೆಯನ್ನೂ ಮರೆಯಬೇಡಿ: 1099 ಆದಾಯದಲ್ಲಿ, ಅಂದರೆ ನೌಕರರಾಗಿ ಅಲ್ಲದೆ ಸ್ವತಂತ್ರ ಗುತ್ತಿಗೆದಾರರಾಗಿ ಪಡೆದ ಹಣದಲ್ಲಿ, ಯಾರೂ ತೆರಿಗೆ ಕಡಿದು ಕೊಡುವುದಿಲ್ಲ, ಆದಾಯ ತೆರಿಗೆಯ ಜೊತೆಗೆ ಶೇಕಡಾ 15.3ರ ಸ್ವಉದ್ಯೋಗ ತೆರಿಗೆಯೂ ಇದೆ, ಇವೆರಡನ್ನೂ ವರ್ಷಕ್ಕೆ ನಾಲ್ಕು ಕಂತುಗಳಲ್ಲಿ ಮುಂಗಡವಾಗಿ ಕಟ್ಟಬೇಕು. ಕಾರಿನ ಖಾಸಗಿ ವಿಮೆ ಬಾಡಿಗೆ ಸಾಗಣೆಗೆ ಅನ್ವಯಿಸುವುದಿಲ್ಲ.

ಸರಕನ್ನು ಕಟ್ಟುವ ಕೆಲಸವನ್ನು ಯಾರೂ ಕಲಿಸದಿದ್ದರೂ ಕೇಳಿ ಕಲಿಯಿರಿ. ರ‍್ಯಾಚೆಟ್ ಪಟ್ಟಿಗಳು, ಸರಕು ಜಾರದಂತೆ ತಡೆಯುವ ಲೋಡ್ ಬಾರ್, ದಪ್ಪ ಕಂಬಳಿಗಳು ವಾಹನದಲ್ಲಿ ಸದಾ ಇರಲಿ. ಸಹಿ ಹಾಕುವ ಮೊದಲು ಪೆಟ್ಟಿಗೆಗಳನ್ನು ಎಣಿಸಿ, ಒಡೆದದ್ದು ಕಂಡರೆ ಬಿಲ್ ಆಫ್ ಲೇಡಿಂಗ್ (ಸರಕಿನ ರಸೀದಿ ಪತ್ರ) ಮೇಲೆ ಬರೆಯಿರಿ, ಚಿತ್ರ ತೆಗೆಯಿರಿ. ಊಟಕ್ಕೆ ಖಡಕ್ ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಒಯ್ಯುವುದು ನನಗಂತೂ ದೊಡ್ಡ ಅನುಕೂಲವಾಗಿದೆ. ಟ್ರಕ್ ಸ್ಟಾಪ್‌ಗಳ ಊಟವನ್ನೇ ನಂಬಿದರೆ ಆರೋಗ್ಯವೂ ಹಣವೂ ಕರಗುತ್ತವೆ.

ಇದನ್ನು ಓದುವ ಇತರ ಕನ್ನಡಿಗರಿಗಾಗಿ ಒಂದು ಮಾತು: ಎಚ್-1ಬಿ ವೀಸಾದಲ್ಲಿರುವವರು ವಾರಾಂತ್ಯದ ಸಂಪಾದನೆಗೆಂದು ವ್ಯಾನ್ ಓಡಿಸುವಂತಿಲ್ಲ, ಅದು ಅನುಮತಿಯಿಲ್ಲದ ಉದ್ಯೋಗವಾಗುತ್ತದೆ, ನಿಮ್ಮ ವಾಸದ ಹಕ್ಕಿಗೇ ಕುತ್ತು ಬರಬಹುದು.

ನಿಮ್ಮ ಪತ್ನಿಯೂ ಬರುವುದಾದರೆ ನಿಜವಾದ ಅವಕಾಶ ಇರುವುದು ಸ್ಟ್ರೈಟ್ ಟ್ರಕ್‌ನಲ್ಲಿ. ಒಬ್ಬರೇ ಚಾಲಕರು ಕಾನೂನಿನೊಳಗೆ ಒಂದು ಪಾಳಿಯಲ್ಲಿ ಸುಮಾರು ಆರುನೂರು ಮೈಲು ಹೋಗಬಹುದು, ಇಬ್ಬರು ಸರದಿಯಲ್ಲಿ ಓಡಿಸಿದರೆ ದಿನಕ್ಕೆ ಸಾವಿರ ಮೈಲು ದಾಟುತ್ತದೆ, ಆದ್ದರಿಂದ ದೂರದ, ಹೆಚ್ಚು ಹಣದ ಲೋಡ್‌ಗಳು ಜೋಡಿ ಚಾಲಕರಿಗೇ ಹೋಗುತ್ತವೆ. ಟ್ರಕ್‌ನ ನಿಗದಿತ ತೂಕ 26,001 ಪೌಂಡ್ ಮುಟ್ಟಿದರೆ ಇಬ್ಬರಿಗೂ ಸಿಡಿಎಲ್, ಅಂದರೆ ವಾಣಿಜ್ಯ ಚಾಲನಾ ಪರವಾನಗಿ, ಬೇಕು. 2022ರ ಫೆಬ್ರುವರಿಯಿಂದ ಅದಕ್ಕೆ ನೋಂದಾಯಿತ ಸಂಸ್ಥೆಯಲ್ಲಿ ತರಬೇತಿ ಕಡ್ಡಾಯವಾಗಿದೆ. ಪರವಾನಗಿಗಿಂತ ಕಠಿಣವಾದದ್ದು ಇನ್ನೊಬ್ಬರು ಓಡಿಸುತ್ತಿರುವಾಗ ಚಲಿಸುವ ವಾಹನದಲ್ಲಿ ನಿದ್ರಿಸುವುದು. ಅದು ಆಗುತ್ತದೆಯೇ ಇಲ್ಲವೇ ಎಂದು ಮಾತಿನಲ್ಲಿ ತೀರ್ಮಾನಿಸಲಾಗದು. ಸೇರುವ ಮಾಲೀಕರೊಡನೆ ಮಾತನಾಡಿ, ಮೊದಲ ತಿಂಗಳನ್ನು ಪರೀಕ್ಷೆಯ ತಿಂಗಳೆಂದು ಒಪ್ಪಿಸಿ, ಡೆಟ್ರಾಯಿಟ್‌ನಿಂದ ಲರೇಡೋಗೆ, ಅಂದರೆ 1,600 ಮೈಲಿಗೂ ಹೆಚ್ಚು ದೂರದ ಒಂದು ಲೋಡನ್ನಾದರೂ ಇಬ್ಬರೂ ಸೇರಿ ಓಡಿಸಿ. ಅಲ್ಲಿಂದ ಮರಳಿದ ಮೇಲೆ ಮುಂದುವರಿಯಬೇಕೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾದವರು ನಿಮ್ಮ ಪತ್ನಿ. ಅವರು ಬೇಡವೆಂದರೆ ಒಬ್ಬರೇ ವ್ಯಾನ್ ಓಡಿಸುವ ಲೆಕ್ಕವನ್ನು ಹೊಸದಾಗಿ ಹಾಕಿ.